ಕೊರಿಂಥಕ್ಕೆ ಬರೆದ ಪತ್ರವನ್ನು ಓದುವುದು ಹೇಗೆ?

ನಾನು ಬಿ.ಎಡ್. ಓದುತ್ತಿದ್ದಾಗ ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬ ಕ್ರೈಸ್ತ ಗೆಳೆಯನಿದ್ದ. ರಾತ್ರಿ ಊಟವಾದ ಮೇಲೆ ನಮ್ಮಿಬ್ಬರ ನಡುವೆ ಧರ್ಮದ ವಿಷಯದಲ್ಲಿ ಚರ್ಚೆ ನಡೆಯುತ್ತಿತ್ತು. ಒಂದು ದಿನ, ಎಲ್ಲಿಯೋ ಓದಿ ಬರೆದಿಟ್ಟುಕೊಂಡಿದ್ದ ಬೈಬಲಿನ ಒಂದು ಮಾತನ್ನು ಅವನ ಮುಂದಿಟ್ಟೆ. ಪುರುಷನು ಸ್ತ್ರೀಯಿಂದ ದೂರವಿರುವುದೇ ಲೇಸು ಎಂಬ ಅರ್ಥದ ಮಾತು ಅದು. “ನಿಮ್ಮ ಗ್ರಂಥ ಮದುವೆಯೇ ಬೇಡ ಅನ್ನುತ್ತದಲ್ಲ?” ಎಂದು ಗೆದ್ದವನಂತೆ ಕೇಳಿದೆ. ಅವನು ಸಿಟ್ಟಾಗಲಿಲ್ಲ. ತನ್ನ ಬೈಬಲ್ ತಂದು ಆ ಪುಟ ತೆರೆದು, “ಆ ಸಾಲಿನ ಮೊದಲ ಭಾಗವನ್ನೂ ಓದು” ಎಂದ. ಓದಿದೆ. ಬರೆದವನು ಅಲ್ಲಿ, ನೀವು ಪತ್ರದಲ್ಲಿ ಕೇಳಿದ್ದ ಸಂಗತಿಗಳಿಗೆ ಈಗ ಬರುತ್ತೇನೆ ಎಂಬರ್ಥದಲ್ಲಿ ಮಾತು ಆರಂಭಿಸಿದ್ದ. ಅಂದರೆ ಅದು ಒಂದು ಉತ್ತರ. ನಾನು ಬೇರೆ ಯಾರಿಗೋ ಬಂದ ಕಾಗದವನ್ನು ನಡುವಿನಿಂದ ಓದಿ, ತೀರ್ಪು ಕೊಟ್ಟುಬಿಟ್ಟಿದ್ದೆ!

ವಿದ್ಯಾರ್ಥಿ ಮಿತ್ರರೇ, ಅಂದು ಆದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ 27 ಪುಸ್ತಕಗಳಿವೆ. ಅವುಗಳಲ್ಲಿ 21 ಪತ್ರಗಳೆಂದೇ ಎಣಿಕೆಯಾಗುತ್ತವೆ. ಕನ್ನಡ ಬೈಬಲಿನಲ್ಲಿ ಇವನ್ನು ‘ಪತ್ರಿಕೆ’ ಎಂದು ಕರೆದಿದ್ದಾರೆ. 13 ಪತ್ರಗಳು ಪೌಲನ ಹೆಸರಿನಲ್ಲಿವೆ. ಅವುಗಳಲ್ಲಿ 7 ಪತ್ರಗಳು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಪೌಲನು ಯಹೂದಿ. ಹಜ್ರತ್ ಈಸಾ (ಅ) ಅವರ ಜೀವಿತಕಾಲದಲ್ಲಿ ಅವರ ಶಿಷ್ಯನಾಗಿದ್ದವನಲ್ಲ. ಮೊದಲು ಅವರ ಅನುಯಾಯಿಗಳನ್ನು ಹಿಂಸಿಸಿದವನು, ನಂತರ ಆ ಬಳಗವನ್ನೇ ಸೇರಿದವನು. ಅವನ ಪತ್ರಗಳು ಸುಮಾರು ಕ್ರಿ.ಶ. 50ರಿಂದ ಆರಂಭವಾಗುತ್ತವೆ. ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದೆನ್ನುವ ಮಾರ್ಕನ ಸುವಾರ್ತೆ ಬರೆದದ್ದು ಸುಮಾರು ಕ್ರಿ.ಶ. 70ರಲ್ಲಿ. ಆದ್ದರಿಂದ ನಮಗೆ ಸಿಕ್ಕಿರುವ ಕ್ರೈಸ್ತ ಬರಹಗಳಲ್ಲಿ ಈ ಪತ್ರಗಳೇ ಅತ್ಯಂತ ಹಳೆಯವು.

ಗೆಳೆಯ ತೆರೆದು ತೋರಿಸಿದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ. ಕೊರಿಂಥ ಗ್ರೀಸಿನ ಪಟ್ಟಣ. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ನೆಲಸಮ ಮಾಡಿದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಅದನ್ನು ರೋಮನ್ ವಸಾಹತಾಗಿ ಮತ್ತೆ ಕಟ್ಟಿಸಿದ. ಬಿಡುಗಡೆ ಪಡೆದ ಗುಲಾಮರು ಅಲ್ಲಿ ಬಂದು ನೆಲೆಸಿದರು. ಎರಡು ಸಮುದ್ರಗಳ ನಡುವಿನ ಕಿರಿದಾದ ನೆಲದ ಮೇಲೆ ಎರಡು ಬಂದರುಗಳಿದ್ದ ಊರು ಅದು. ವ್ಯಾಪಾರಿಗಳು, ನಾವಿಕರು, ಕೂಲಿಗಳು, ನೂರೆಂಟು ದೇವತೆಗಳ ಗುಡಿಗಳು, ಹೊಸದಾಗಿ ಹಣ ಕಂಡವರ ಬಿಂಕ, ಎಲ್ಲವೂ ಅಲ್ಲಿದ್ದವು.

ಪೌಲನು ಅಲ್ಲಿ ಗುಡಾರ ಮಾಡುವ ಕಸುಬಿನಿಂದ ಜೀವನ ಸಾಗಿಸುತ್ತಾ ಒಂದೂವರೆ ವರ್ಷ ಇದ್ದನೆಂದೂ, ಗಲ್ಲಿಯೋನ ಎಂಬ ಅಧಿಪತಿಯ ನ್ಯಾಯಪೀಠದ ಮುಂದೆ ಅವನನ್ನು ಎಳೆತಂದರೆಂದೂ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ಚಕ್ರವರ್ತಿ ಕ್ಲಾಡಿಯಸನ ಒಂದು ಪತ್ರವನ್ನು ಕೆತ್ತಿದ ಕಲ್ಲಿನ ತುಂಡುಗಳು ಸಿಕ್ಕಿವೆ. ಅದರಲ್ಲಿ ಈ ಗಲ್ಲಿಯೋನನ ಹೆಸರಿದೆ. ಅದರ ಆಧಾರದಿಂದ ಅವನು ಅಲ್ಲಿ ಅಧಿಕಾರದಲ್ಲಿದ್ದದ್ದು ಕ್ರಿ.ಶ. 51-52ರ ಸುಮಾರಿಗೆ ಎಂದು ನಿರ್ಧರಿಸಲಾಗಿದೆ. ಕಲ್ಲಿನ ಮೇಲಿನ ಒಂದು ಪತ್ರ ಪೌಲನ ಪತ್ರಗಳ ಕಾಲವನ್ನು ಲೆಕ್ಕ ಹಾಕಲು ದಾರಿ ತೋರಿಸಿತು.

ಕೆಲವು ವರ್ಷಗಳ ನಂತರ ಪೌಲನು ಸಮುದ್ರದಾಚೆ ಎಫೆಸದಲ್ಲಿದ್ದಾಗ ಕೊರಿಂಥದ ಸಭೆಯಲ್ಲಿ ಒಡಕು ಹುಟ್ಟಿತು. ಖ್ಲೋಯೆ ಎಂಬಾಕೆಯ ಮನೆಯವರು ಸುದ್ದಿ ತಂದರು. ಸಭೆಯವರೇ ಪ್ರಶ್ನೆಗಳನ್ನು ಬರೆದು ಕಳಿಸಿದರು. ಅದಕ್ಕೂ ಮೊದಲೇ ಪೌಲನು ಅವರಿಗೆ ಒಂದು ಪತ್ರ ಬರೆದಿದ್ದನೆಂದು ಇದೇ ಪತ್ರದ ಐದನೇ ಅಧ್ಯಾಯದಿಂದ ತಿಳಿಯುತ್ತದೆ. ಅದು ಇಂದು ನಮ್ಮ ಬಳಿ ಇಲ್ಲ. ಹೀಗೆ ‘ಮೊದಲನೆಯ ಪತ್ರ’ ಎಂದು ಹೆಸರಾದದ್ದು ನಿಜವಾಗಿ ಮೊದಲನೆಯದಲ್ಲ. ಕೊರಿಂಥದವರ ಪತ್ರವೂ ಕಳೆದುಹೋಗಿದೆ. ಎರಡು ಕಡೆಯ ಮಾತುಕತೆಯಲ್ಲಿ ನಮಗೆ ಕೇಳಿಸುವುದು ಒಂದೇ ಕಡೆಯ ದನಿ.

ಈಗ ನಾನು ಎಸೆದ ಆ ಮಾತಿಗೆ ಬರೋಣ. ಅಂದಿನ ಗ್ರೀಕ್ ಬರವಣಿಗೆಯಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ; ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಆದ್ದರಿಂದ ಇನ್ನೊಬ್ಬರ ಮಾತು ಎಲ್ಲಿ ಮುಗಿಯಿತು, ಉತ್ತರ ಎಲ್ಲಿ ಶುರುವಾಯಿತು ಎಂಬುದನ್ನು ಓದುಗನೇ ಗುರುತಿಸಬೇಕು. ಆ ಮಾತು ಪೌಲನದಲ್ಲ, ಕೊರಿಂಥದ ಕೆಲವು ಅತಿ ವಿರಕ್ತರು ತಮ್ಮ ಪತ್ರದಲ್ಲಿ ಬರೆದಿದ್ದ ಘೋಷಣೆ ಎಂದು ಇಂದಿನ ಅನೇಕ ವಿದ್ವಾಂಸರು ತಿಳಿಯುತ್ತಾರೆ. ಅದರ ಬೆನ್ನಿಗೇ ಪೌಲನು ಗಂಡ ಹೆಂಡತಿಗೂ, ಹೆಂಡತಿ ಗಂಡನಿಗೂ ಸಲ್ಲಬೇಕಾದ ಹಕ್ಕನ್ನು ಸಲ್ಲಿಸಬೇಕು ಎನ್ನುತ್ತಾನೆ. ಹಾಗೆಂದು ಅವನನ್ನು ಮದುವೆಯ ದೊಡ್ಡ ಪಕ್ಷಪಾತಿಯನ್ನಾಗಿ ಮಾಡುವುದೂ ತಪ್ಪು. ಅವಿವಾಹಿತನಾಗಿರುವುದೇ ತನಗೆ ಇಷ್ಟ ಎಂದು ಅವನೇ ಹೇಳುತ್ತಾನೆ. ಅದಕ್ಕೆ ಕಾರಣ ಅವನ ನಂಬಿಕೆಯಲ್ಲಿದೆ: ಉಳಿದಿರುವ ಕಾಲ ಬಹಳ ಕಡಿಮೆ, ಈ ಲೋಕದ ರೂಪ ಬದಲಾಗಲಿದೆ ಎಂದು ಅವನು ಎದುರು ನೋಡುತ್ತಿದ್ದ. ಊರಿನ ಇತಿಹಾಸ ತಿಳಿದರೆ ಪ್ರಶ್ನೆ ಅರ್ಥವಾಗುತ್ತದೆ, ಬರೆದವನ ನಂಬಿಕೆ ತಿಳಿದರೆ ಉತ್ತರ ಅರ್ಥವಾಗುತ್ತದೆ. ಎರಡೂ ಬೇಕು.

ಎಂಟನೇ ಅಧ್ಯಾಯದ ಪ್ರಶ್ನೆ ನಮಗೆ ಇನ್ನೂ ಹತ್ತಿರದ್ದು. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ? ಗುಡಿಯಲ್ಲಿ ಬಲಿಯಾದ ಪ್ರಾಣಿಯ ಮಾಂಸ ಪೇಟೆಗೂ ಬರುತ್ತಿತ್ತು. ಗುಡಿಯಲ್ಲಿ ಔತಣ ನಡೆಯುತ್ತಿತ್ತು. ವಿಗ್ರಹ ಏನೂ ಅಲ್ಲ, ದೇವನೊಬ್ಬನೇ ಎಂಬ ಅರಿವು ನಮಗಿದೆ, ಆದ್ದರಿಂದ ಏನು ತಿಂದರೂ ಸರಿ ಎಂಬುದು ಕೊರಿಂಥದ ಕೆಲವರ ವಾದ. ಪೌಲನು ಅವರ ಅರಿವನ್ನು ಅಲ್ಲಗಳೆಯುವುದಿಲ್ಲ. ಆದರೆ ಗುಡಿಯ ಪಂಕ್ತಿಯಲ್ಲಿ ಕೂರಬೇಡಿ, ಪೇಟೆಯ ಮಾಂಸದ ಮೂಲ ಕೆದಕಬೇಡಿ, ನಿಮ್ಮ ಊಟದಿಂದ ದುರ್ಬಲ ಮನಸ್ಸಿನ ಸಹೋದರನು ಎಡವುವಂತಿದ್ದರೆ ಅದನ್ನು ಬಿಟ್ಟುಬಿಡಿ ಎನ್ನುತ್ತಾನೆ. ಈ ವಿಷಯದಲ್ಲಿ ನಮ್ಮ ಶರೀಅತ್‌ನ ನಿಯಮ ಬೇರೆ ಮತ್ತು ಸ್ಪಷ್ಟ. ಆದರೆ ತಟ್ಟೆಯಲ್ಲಿರುವುದು ಯಾವುದು ಎಂದು ಯೋಚಿಸಿ ಊಟಕ್ಕೆ ಕೂರುವ ನಮಗೆ ಅಂದಿನ ಕೊರಿಂಥದವರ ಕಳವಳ ಅರ್ಥವಾಗದೆ ಇರದು.

ಹನ್ನೊಂದನೇ ಅಧ್ಯಾಯದಲ್ಲಿ ಇನ್ನೊಂದು ಚಿತ್ರ ಬರುತ್ತದೆ. ಸಭೆಯ ಪವಿತ್ರ ಭೋಜನದಲ್ಲಿ ಕೆಲವರು ಮೊದಲೇ ತಿಂದು ಕುಡಿದು ಮತ್ತರಾಗಿದ್ದಾರೆ, ಏನೂ ಇಲ್ಲದವರು ಹಸಿದಿದ್ದಾರೆ. ಬಡವರನ್ನು ನಾಚಿಕೆಪಡಿಸುತ್ತೀರಾ ಎಂದು ಪೌಲನು ಗದರಿಸುತ್ತಾನೆ. ಧರ್ಮಶಾಸ್ತ್ರದ ದೊಡ್ಡ ಮಾತು ಹುಟ್ಟಿದ್ದು ಒಂದು ಊಟದ ಪಂಕ್ತಿಯ ಅನ್ಯಾಯದಿಂದ.

ಇಂಥ ಪತ್ರಗಳ ಅಧ್ಯಯನಕ್ಕೆ ಈಜಿಪ್ಟಿನ ಮರಳು ದೊಡ್ಡ ಉಪಕಾರ ಮಾಡಿದೆ. ಇಂದಿನ ಬಹ್ನಸಾ, ಅಂದರೆ ಹಿಂದಿನ ಆಕ್ಸಿರಿಂಕಸ್‌ನಲ್ಲಿ 1896-97ರಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಹಳೆಯ ಕಸದ ದಿಬ್ಬಗಳನ್ನು ಅಗೆದು ಪಪೈರಸ್ ಹಾಳೆಗಳನ್ನು ರಾಶಿ ರಾಶಿಯಾಗಿ ಹೊರತೆಗೆದರು. ಅವುಗಳಲ್ಲಿ ಸಾಮಾನ್ಯ ಜನರ ಪತ್ರಗಳೂ ಇದ್ದವು. ಬರೆದವನ ಹೆಸರು, ಪಡೆಯುವವನ ಹೆಸರು, ವಂದನೆ, ವಿಷಯ, ವಿದಾಯ: ಗ್ರೀಕ್ ಪತ್ರದ ಕ್ರಮ ಇದು. ಪೌಲನದೂ ಇದೇ ಕ್ರಮ. ಆದರೆ ಎಲ್ಲರೂ ಬರೆಯುತ್ತಿದ್ದ ‘ಖೈರೇನ್’ ಎಂಬ ವಂದನೆಯ ಜಾಗದಲ್ಲಿ ಅವನು ಅದಕ್ಕೆ ಹತ್ತಿರದ ‘ಖಾರಿಸ್’, ಅಂದರೆ ಕೃಪೆ ಎಂಬ ಪದವನ್ನಿಟ್ಟು, ಜೊತೆಗೆ ‘ಶಾಂತಿ’ಯನ್ನು ಸೇರಿಸಿದ. ಆ ಶಾಂತಿ ಯಹೂದಿಗಳ ‘ಶಾಲೋಮ್’. ನಮ್ಮ ‘ಸಲಾಮ್’ನ ಸೋದರ ಪದ.

ಒಂದು ವಾಕ್ಯವನ್ನು ಕಿತ್ತು ತೆಗೆಯುವುದು ಇಂದು ಸುಲಭ, ಏಕೆಂದರೆ ಎಲ್ಲಕ್ಕೂ ಸಂಖ್ಯೆ ಇದೆ. ಆದರೆ ಈ ಅಧ್ಯಾಯ ವಿಭಾಗ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ಇಂದಿನ ವಚನ ಸಂಖ್ಯೆಗಳು 1551ರಲ್ಲಿ ಮುದ್ರಣಕಾರ ರಾಬರ್ಟ್ ಎಸ್ತಿಯೆನ್ ಹಾಕಿದವು. ಕೊರಿಂಥದವರು ಪತ್ರವನ್ನು ಕೇಳಿದ್ದು ಸಂಖ್ಯೆಗಳಿಲ್ಲದೆ, ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ.

ನಾನು ತರಗತಿಯಲ್ಲಿ ಗಾಲಿಬನ ಪತ್ರಗಳನ್ನು ಕಲಿಸುವಾಗ ಮೊದಲು 1857ರ ದೆಹಲಿಯ ಕಥೆ ಹೇಳುತ್ತೇನೆ. ಅದಿಲ್ಲದೆ ಅವನ ನಗುವೂ ತಿಳಿಯದು, ನೋವೂ ತಿಳಿಯದು. ಇನ್ನೊಬ್ಬರ ಧರ್ಮದ ಪತ್ರವನ್ನು ತೆರೆದಾಗಲೂ ಅದೇ ಪ್ರಶ್ನೆಗಳನ್ನು ಕೇಳಿ: ಯಾರು ಬರೆದರು? ಯಾರಿಗೆ? ಯಾವಾಗ, ಎಲ್ಲಿಂದ? ಯಾವ ಪ್ರಶ್ನೆಗೆ ಉತ್ತರವಾಗಿ? ಬರೆದವನ ನಂಬಿಕೆ ಏನು? ನಾನಿದನ್ನು ಒಪ್ಪುತ್ತೇನೆಯೇ ಎಂಬ ಪ್ರಶ್ನೆ ಕೊನೆಗೆ ಬರಲಿ. ಹಜ್ರತ್ ಈಸಾ (ಅ) ಅವರ ಬಗ್ಗೆ ಪೌಲನ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಒಪ್ಪದಿರುವುದಕ್ಕೂ ಮೊದಲು ಅರ್ಥ ಮಾಡಿಕೊಳ್ಳಬೇಕಲ್ಲವೇ?

ಹಾಸ್ಟೆಲ್‌ನ ಆ ಘಟನೆಯಾಗಿ ಕೆಲವು ವಾರಗಳ ನಂತರ ಗೆಳೆಯ ನನ್ನ ಕೋಣೆಗೆ ಬಂದ. ಯುದ್ಧದ ಬಗ್ಗೆ ಕುರ್‌ಆನಿನ ಒಂದು ಆಯತ್‌ನ ಅನುವಾದ ಯಾವುದೋ ಲೇಖನದಲ್ಲಿ ಅವನ ಕಣ್ಣಿಗೆ ಬಿದ್ದಿತ್ತು. ಅವನು ನನ್ನ ಹಾಗೆ ವಾದಕ್ಕೆ ನಿಲ್ಲಲಿಲ್ಲ. “ಇದರ ಹಿಂದಿನ ಆಯತ್ ಯಾವುದು? ಇದು ಬಂದ ಸಂದರ್ಭ ಯಾವುದು?” ಎಂದು ಕೇಳಿದ. ಆಯತ್‌ಗಳು ಅವತೀರ್ಣವಾದ ಸಂದರ್ಭಗಳನ್ನು ತಿಳಿಸುವ ‘ಅಸ್ಬಾಬುನ್ನುಝೂಲ್’ ಎಂಬ ಶಾಸ್ತ್ರವೇ ನಮ್ಮಲ್ಲಿದೆ. 11ನೇ ಶತಮಾನದಲ್ಲಿ ಅಲ್-ವಾಹಿದೀ ಅದೇ ಹೆಸರಿನ ಗ್ರಂಥ ಬರೆದಿದ್ದಾರೆ. ಅದನ್ನೆಲ್ಲ ಹೇಳುತ್ತಾ ಕುಳಿತಾಗ ರಾತ್ರಿ ಹನ್ನೆರಡಾಯಿತು. ನಮ್ಮ ಗ್ರಂಥವನ್ನು ಇತರರು ಹೇಗೆ ಓದಬೇಕೆಂದು ನಾವು ಬಯಸುತ್ತೇವೆಯೋ, ಅವರ ಗ್ರಂಥವನ್ನೂ ಹಾಗೆಯೇ ಓದುವುದು ನ್ಯಾಯ. ಈ ಪಾಠ ನನ್ನ ಬಿ.ಎಡ್. ಪಠ್ಯದಲ್ಲಿರಲಿಲ್ಲ. ಪಕ್ಕದ ಕೋಣೆಯಲ್ಲಿತ್ತು.