ಕ್ಷೌರದ ಸಾಬೂನಿಗೆ ಎಷ್ಟು ಗಂಧ?

ನಮ್ಮ ಹಳದೀಪುರದ ಹಳೆಯ ವಿದ್ಯಾರ್ಥಿಯೊಬ್ಬ ಮನೆಯಲ್ಲೇ ಕ್ಷೌರದ ಸಾಬೂನು ತಯಾರಿಸುತ್ತಾನೆ. ಅವನ ಮೊದಲ ಬಿಲ್ಲೆಯಿಂದ ನನ್ನ ಕೆನ್ನೆ ಉರಿಯಿತು. “ಮಾಸ್ತರೇ, ಯಾವ ಪರಿಮಳ, ಎಷ್ಟು ಹಾಕಲಿ?” ಎಂದು ಕೇಳಿದ. ನನಗೆ ನೆನಪಾದದ್ದು ಮೈಸೂರಿನ ಚರಿತ್ರೆ.

1914ರಲ್ಲಿ ಮಹಾಯುದ್ಧ ಆರಂಭವಾಗಿ, ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಇಲ್ಲಿಯೇ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ತೆಗೆಯಲಾರಂಭಿಸಿದರು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಆ ಪರಿಮಳವನ್ನು ಸಾಬೂನಿಗೆ ಇಳಿಸಿದರು.

ನಿಂಬೆಯ ಪರಿಮಳ ಬೇಗ ಹಾರುತ್ತದೆ. ಶ್ರೀಗಂಧದ್ದು ನಿಧಾನವಾಗಿ ಆರುತ್ತದೆ, ಜೊತೆಯ ಪರಿಮಳವನ್ನೂ ಹಿಡಿದಿಡುತ್ತದೆ. ಆದುದರಿಂದ ಸ್ವಲ್ಪವೇ ಸಾಕು. ಕ್ಷೌರದ ನೊರೆಯಂತೂ ಮೂಗಿನ ಕೆಳಗೇ, ಕತ್ತಿ ಆಡುವ ಚರ್ಮದ ಮೇಲೆಯೇ ನಿಲ್ಲುವಂಥದು.

“ಅರ್ಧಕ್ಕಿಳಿಸು ತಮ್ಮಾ” ಎಂದೆ. ಎರಡನೆಯ ಬಿಲ್ಲೆ ಉರಿಯಲಿಲ್ಲ. ಪರಿಮಳವೂ ಮಧ್ಯಾಹ್ನದವರೆಗೆ ಉಳಿದಿತ್ತು.