ಕಪ್ಪವಾಗಿ ಬಂದ ಬೀಜ

ಎತ್ತರದ ಗಾಜಿನ ಲೋಟದ ತಳದಲ್ಲಿ ಮಾವಿನ ತಿರುಳಿನ ಹೊಂಬಣ್ಣ, ಅದರ ಮೇಲೆ ಹಾಲಿನಲ್ಲಿ ನೆನೆದು ಗಟ್ಟಿಗೊಂಡ ಚಿಯಾ ಬೀಜದ ಬಿಳುಪು, ಅದಕ್ಕೂ ಮೇಲೆ ಸ್ಟ್ರಾಬೆರಿಯ ಕೆಂಪು, ಮತ್ತೆ ಬಿಳುಪು: ಹೀಗೆ ಪದರಪದರವಾಗಿ ಜೋಡಿಸಿದ ಚಿಯಾ ಪುಡ್ಡಿಂಗ್ ಇಂದು ಅನೇಕ ದೇಶಗಳ ನಗರಗಳಲ್ಲಿ ಹೊಸ ಕಾಲದ ಭಕ್ಷ್ಯವೆಂದು ಪ್ರಸಿದ್ಧವಾಗಿದೆ. ಅದನ್ನು ಮಾಡುವ ವಿಧಾನವು ಸುಲಭವಾದುದು. ಒಂದು ಬಟ್ಟಲು ಹಾಲಿಗೆ ನಾಲ್ಕು ದೊಡ್ಡ ಚಮಚ ಬೀಜವನ್ನು ಹಾಕಿ, ಹತ್ತು ನಿಮಿಷದ ಮೇಲೆ ಗಂಟು ಒಡೆಯುವಂತೆ ಇನ್ನೊಮ್ಮೆ ಕಲಕಿ, ರಾತ್ರಿಯೆಲ್ಲ ತಂಪಿನಲ್ಲಿಟ್ಟರೆ, ಬೀಜದ ಸಿಪ್ಪೆಯಿಂದ ಹೊರಟ ಲೋಳೆಯು ಹಾಲನ್ನೆಲ್ಲ ಹಿಡಿದಿಟ್ಟುಕೊಂಡು, ಮೇಲೆ ಸುರಿದ ಹಣ್ಣಿನ ಭಾರವನ್ನು ಹೊರಬಲ್ಲಷ್ಟು ದಪ್ಪವಾಗುತ್ತದೆ. ನಮ್ಮ ಫಾಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜವೂ ಚಿಯಾದಂತೆ ತುಳಸಿಯ ಕುಲಕ್ಕೆ ಸೇರಿದುದೇ ಆದರೂ, ಅದು ಕ್ಷಣಮಾತ್ರದಲ್ಲಿ ಉಬ್ಬಿ ಬಿಡಿಬಿಡಿಯಾಗಿ ನಿಲ್ಲುತ್ತದೆಯಲ್ಲದೆ ತಾನಿರುವ ದ್ರವವನ್ನು ಹೀಗೆ ಕಟ್ಟಿಹಾಕುವುದಿಲ್ಲ.

ಭಕ್ಷ್ಯವು ಹೊಸದಾದರೂ ಬೀಜವು ಪುರಾತನವಾದುದು. ಅದರ ಪೂರ್ವಚರಿತ್ರೆಯನ್ನು ಅರಿಯಬೇಕಾದರೆ ಮೆಕ್ಸಿಕೋ ದೇಶದ ಆಸ್ಟೆಕ್ ಸಾಮ್ರಾಜ್ಯದ ಕಣಜಗಳನ್ನು ಹೊಕ್ಕು ನೋಡಬೇಕು. 1521ರಲ್ಲಿ ಟೆನೊಚ್‌ಟಿಟ್ಲಾನ್ ರಾಜಧಾನಿಯು ಸ್ಪೇನಿನವರ ಕೈವಶವಾದ ಸುಮಾರು ಎರಡು ದಶಕಗಳ ತರುವಾಯ ಆ ನಾಡಿನ ಚಿತ್ರಕಾರರೇ ಬರೆದ, ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿರುವ ಮೆಂಡೋಜಾ ಕೋಡೆಕ್ಸ್ ಎಂಬ ಚಿತ್ರಗ್ರಂಥದಲ್ಲಿ, ಅಧೀನ ಪ್ರಾಂತಗಳು ಚಕ್ರವರ್ತಿಗೆ ಸಲ್ಲಿಸುತ್ತಿದ್ದ ಕಪ್ಪದ ಪಟ್ಟಿಯುಂಟು. ಹಕ್ಕಿಯ ಗರಿ, ಹತ್ತಿಯ ವಸ್ತ್ರ, ಯೋಧರ ಉಡುಪುಗಳ ಜೊತೆಯಲ್ಲಿ ಮರದ ಕಣಜಗಳ ಚಿತ್ರಗಳೂ ಅಲ್ಲಿವೆ. ಆ ಕಣಜಗಳಲ್ಲಿ ತುಂಬಿದ್ದುದು ಮೆಕ್ಕೆಜೋಳ, ಹುರುಳಿಕಾಯಿಯ ಕಾಳು, ರಾಜಗಿರಿ ಮತ್ತು ಚಿಯಾ. 38 ಪ್ರಾಂತಗಳಲ್ಲಿ 21 ಪ್ರಾಂತಗಳು ಚಿಯಾವನ್ನು ಕಪ್ಪವಾಗಿ ಕೊಡುತ್ತಿದ್ದುವೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ. ಒಂದು ರಾಜ್ಯದ ಬೊಕ್ಕಸವೇ ಅಳೆದು ತೆಗೆದುಕೊಳ್ಳುತ್ತಿದ್ದ ವಸ್ತುವನ್ನು ಅಲ್ಪವಾದ ಕಾಡುಬೀಜವೆಂದು ಯಾರೂ ಎಣಿಸಲಾಗದು.

ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ ಬೆರ್ನಾರ್ದಿನೋ ದೆ ಸಹಗೂನ್ ಎಂಬಾತನು ನಹುವಾ ಜನಾಂಗದ ಹಿರಿಯರಿಂದಲೂ ಅಕ್ಷರಸ್ಥರಿಂದಲೂ ಕೇಳಿ ಬರೆಯಿಸಿ 1577ರ ಸುಮಾರಿಗೆ ಮುಗಿಸಿದ ಹನ್ನೆರಡು ಭಾಗಗಳ ಮಹಾಗ್ರಂಥದಲ್ಲಿ, ಸಂತೆಯಲ್ಲಿ ಕುಳಿತು ಚಿಯಾ ಮಾರುವವರ ವರ್ಣನೆಯೂ ಬರುತ್ತದೆ. ಬೀಜವನ್ನು ಹುರಿದು, ಮೆಕ್ಕೆಜೋಳದೊಡನೆ ಬೀಸಿ ಹಿಟ್ಟುಮಾಡಿಟ್ಟುಕೊಂಡರೆ, ನಮ್ಮ ಹುರಿಹಿಟ್ಟಿನಂತೆ ಅದು ದೂರಪ್ರಯಾಣದ ಬುತ್ತಿಯಾಗುತ್ತಿತ್ತು; ನೀರಿನಲ್ಲಿ ಕದಡಿದರೆ ಅದೇ ಊಟ, ಅದೇ ಪಾನೀಯ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆಯೇ ಆಗಿದ್ದು, ಆ ಎಣ್ಣೆಯು ಗಾಳಿಗೆ ಒಡ್ಡಿದಾಗ ಒಣಗಿ ಗಟ್ಟಿಯಾಗುವ ಜಾತಿಯದಾದ್ದರಿಂದ, ಮಿಚೋಆಕಾನ್ ಪ್ರಾಂತದ ಉರುಆಪಾನ್ ಮತ್ತು ಗೆರೆರೋ ಪ್ರಾಂತದ ಒಲಿನಲಾ ಊರುಗಳ ಕುಶಲಕರ್ಮಿಗಳು ಅದನ್ನು ಬಣ್ಣದ ಮಣ್ಣುಪುಡಿಯೊಡನೆ ಸೋರೆಬುರುಡೆಗಳಿಗೂ ಮರದ ಪೆಟ್ಟಿಗೆಗಳಿಗೂ ಬಳಿದು, ಉಜ್ಜಿ ಉಜ್ಜಿ ಹೊಳಪು ತರುತ್ತಿದ್ದರು. ಹೊಟ್ಟೆಗೂ ಕಲೆಗೂ ಸಮವಾಗಿ ಒದಗಿದ ಇಂಥ ಬೀಜಗಳು ಲೋಕದಲ್ಲಿ ಹೆಚ್ಚಿಲ್ಲ, ಮತ್ತು ಆ ಮೆರುಗಿನ ಕಸುಬು ಇಂದಿಗೂ ಒಲಿನಲಾದಲ್ಲಿ ಜೀವಂತವಾಗಿರುವುದು ನನಗೆ ಅತ್ಯಂತ ಸಂತೋಷದ ಸಂಗತಿ.

ಹಾಗಾದರೆ ಮೆಕ್ಕೆಜೋಳವೂ ಮೆಣಸಿನಕಾಯಿಯೂ ಒಂದೆರಡು ಶತಮಾನಗಳಲ್ಲಿ ಭೂಮಂಡಲವನ್ನೇ ಸುತ್ತಿಬಂದಾಗ, ಅವುಗಳ ಒಡಹುಟ್ಟಿದಂತಿದ್ದ ಚಿಯಾ ಮಾತ್ರ ತನ್ನ ನಾಡಿನಲ್ಲಿಯೇ ಏಕೆ ಉಳಿದುಕೊಂಡಿತು? ದೇವತಾರಾಧನೆಯಲ್ಲಿ ಬಳಕೆಯಾಗುತ್ತಿದ್ದುದರಿಂದ ಸ್ಪೇನಿನವರು ಅದನ್ನು ನಿಷೇಧಿಸಿದರೆಂಬ ಉತ್ತರವು ಈಚಿನ ಬರಹಗಳಲ್ಲಿ ಪದೇ ಪದೇ ಕಾಣಬರುತ್ತದೆ. ಆದರೆ ಅದೊಂದರಿಂದಲೇ ಸಮಸ್ಯೆ ಬಗೆಹರಿಯುವುದೆಂದು ನನಗೆ ತೋರುವುದಿಲ್ಲ. 1520ರಲ್ಲಿ ತಗುಲಿದ ಸಿಡುಬೂ ಅದರ ಹಿಂದೆಯೇ ಬಂದ ಇತರ ಸಾಂಕ್ರಾಮಿಕಗಳೂ ಒಕ್ಕಲು ಮಕ್ಕಳನ್ನೇ ಲಕ್ಷೋಪಲಕ್ಷವಾಗಿ ಆಹುತಿ ತೆಗೆದುಕೊಂಡುವು; ಕಪ್ಪ ಬೇಡುತ್ತಿದ್ದ ಅರಸೊತ್ತಿಗೆ ಅಳಿದುಹೋಯಿತು; ಹೊಲಗಳಿಗೆ ಗೋಧಿಯೂ ದನಕುರಿಗಳೂ ಬಂದುವು. ಇವೆಲ್ಲಕ್ಕೂ ಮಿಗಿಲಾದುದು ಸಸ್ಯದ ಪ್ರಕೃತಿಯೇ. ಚಿಯಾ ಗಿಡವು ಹಗಲು ಕುಗ್ಗಿ ಸುಮಾರು 12 ಗಂಟೆಗಳಿಗೆ ಇಳಿಯುವವರೆಗೆ ಹೂ ಬಿಡುವುದಿಲ್ಲ. ಯೂರೋಪಿನಲ್ಲಿ ಬಿತ್ತಿದರೆ ಬೇಸಗೆಯುದ್ದಕ್ಕೂ ಸೊಂಪಾಗಿ ಬೆಳೆದು, ಶರತ್ಕಾಲದಲ್ಲಿ ಮೊಗ್ಗೊಡೆಯುವಷ್ಟರಲ್ಲಿ ಹಿಮ ಬಿದ್ದು, ಕಾಳು ಕಟ್ಟುವ ಮೊದಲೇ ಸತ್ತುಹೋಗುತ್ತದೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರು ಬೇಗ ಹೂಬಿಡುವ ತಳಿಗಳನ್ನು ಶ್ರಮಪಟ್ಟು ನಿರ್ಮಿಸಬೇಕಾಗಿ ಬಂದುದು ಈ ಕಾರಣದಿಂದಲೇ. ಅರಸರ ಆಜ್ಞೆಗಿಂತ ಸೂರ್ಯನ ಗತಿಯೇ ಚಿಯಾವನ್ನು ಹೆಚ್ಚು ಬಿಗಿಯಾಗಿ ಕಟ್ಟಿಹಾಕಿದ್ದಿತು.

ತನ್ನ ನಾಡಿನಲ್ಲಾದರೋ ಅದು ಎಂದೂ ಅಳಿಯಲಿಲ್ಲ. ಹಾಲಿಸ್ಕೋ ಪ್ರಾಂತದ ಅಕಾತಿಕ್ ಸುತ್ತಿನ ರೈತರು ಅದನ್ನು ಬಿತ್ತುತ್ತಲೇ ಬಂದರು. ನಿಂಬೆರಸ, ಸಕ್ಕರೆ ಬೆರೆಸಿದ ನೀರಿನಲ್ಲಿ ಬೀಜ ನೆನೆಹಾಕಿದ ಪಾನಕವು ಸಂತೆ ಜಾತ್ರೆಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಯೇಸುವಿನ ಶಿಲುಬೆಯ ಶುಕ್ರವಾರಕ್ಕೆ ಒಂದು ವಾರ ಮೊದಲು ಬರುವ ಶುಕ್ರವಾರದಂದು ದುಃಖಿತೆಯಾದ ಮೇರಿಮಾತೆಗೆ ಮನೆಮನೆಗಳಲ್ಲಿ ಪೀಠ ಕಟ್ಟುವ ಪದ್ಧತಿ ಮೆಕ್ಸಿಕೋದಲ್ಲಿದೆ. ಆ ಪೀಠದ ಮೇಲೆ ಗಾಜಿನ ಪಾತ್ರೆಗಳಲ್ಲಿ ಕೆಂಪು, ಹಸಿರು, ನೇರಳೆ ಬಣ್ಣದ ನೀರನ್ನಿಟ್ಟು, ಮೊಳಕೆಯೊಡೆದ ಚಿಯಾ ಮತ್ತು ಗೋಧಿಯ ಹಸಿರನ್ನು ಜೋಡಿಸಿ, ಬಂದವರಿಗೆ ಮಾತೆಯ ಕಣ್ಣೀರೆಂಬ ಭಾವದಿಂದ ಚಿಯಾ ಪಾನಕವನ್ನು ಕೊಡುತ್ತಾರೆ. ಓಹಾಕಾ ಬಳಿಯ ಆತ್ಸೊಂಪಾ ಗ್ರಾಮದ ಕುಂಬಾರರು ಗೆರೆಗೆರೆಯಾದ ಮೈಯುಳ್ಳ ಮಣ್ಣಿನ ಪ್ರಾಣಿಗಳನ್ನು ಮಾಡುತ್ತಾರೆ. ನೆನೆದ ಬೀಜವನ್ನು ಆ ಗೆರೆಗಳಿಗೆ ಮೆತ್ತಿದರೆ ಅದರ ಲೋಳೆಯೇ ಅಂಟಾಗಿ ಹಿಡಿದು, ಕೆಲವೇ ದಿನಗಳಲ್ಲಿ ಪ್ರಾಣಿಯ ಮೈತುಂಬ ಹಸಿರು ಕೂದಲು ಮೂಡುತ್ತದೆ. 1980ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಚಿಯಾದ ಪರಿಚಯವಾದುದು ಇಂಥ ಬೊಂಬೆಗಳ ಮೂಲಕವೇ ಹೊರತು ಆಹಾರವಾಗಿ ಅಲ್ಲ.

1991ರಲ್ಲಿ ಅರ್ಜೆಂಟೀನದ ವಾಯವ್ಯ ಪ್ರಾಂತಗಳಲ್ಲಿ ಹೊಸ ಬೆಳೆಗಳನ್ನು ಪರೀಕ್ಷಿಸುವ ಯೋಜನೆಯೊಂದು ಚಿಯಾವನ್ನು ವಾಣಿಜ್ಯದ ಬೆಳೆಯಾಗಿ ಎತ್ತಿಹಿಡಿಯಿತು; 2009ರಲ್ಲಿ ಯೂರೋಪಿನ ಒಕ್ಕೂಟವು ಬ್ರೆಡ್ಡಿನಲ್ಲಿ ಶೇಕಡ 5ರವರೆಗೆ ಅದನ್ನು ಬಳಸಲು ಅನುಮತಿಯಿತ್ತಿತು. ಇದನ್ನೆಲ್ಲ ಬೀಜದ ಮರುಶೋಧವೆಂದು ಬಣ್ಣಿಸುವವರೊಡನೆ ನಾನು ಸಮ್ಮತಿಸಲಾರೆ. ಐದು ಶತಮಾನಗಳ ಕಾಲ ಬಿತ್ತಿ, ಬೆಳೆದು, ಪಾನಕ ಮಾಡಿ, ಪೀಠವನ್ನು ಅಲಂಕರಿಸಿದ ಹಳ್ಳಿಗರಿಗೆ ಅದು ಯಾವ ಕಾಲದಲ್ಲಿ ಕಳೆದುಹೋಗಿದ್ದಿತು?

ನಮ್ಮ ನಾಡಿಗೆ ಅದು ಬಂದುದು ತೀರ ಈಚೆಗೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 2010ರ ದಶಕದಲ್ಲಿ ಚಿಯಾ ತಳಿಗಳನ್ನು ರೂಢಿಗೆ ತಂದು, ಮೈಸೂರು ಚಾಮರಾಜನಗರ ಜಿಲ್ಲೆಗಳ ರೈತರಿಗೆ ಬೀಜವನ್ನೊದಗಿಸಿತು. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ಮಳೆಗಾಲ ಇಳಿದು ಹಗಲು ಕುಗ್ಗುತ್ತ ಬಂದಂತೆ, ಯೂರೋಪಿನಲ್ಲಿ ದೊರೆಯದ ಹಿಮರಹಿತವಾದ ಚಳಿಗಾಲವು ಗಿಡಕ್ಕೆ ಸಹಜವಾಗಿ ಒದಗಿತು. ತುಳಸಿಯ ಕದಿರನ್ನು ಹೋಲುವ ನೀಲಿ ಹೂಗೊಂಚಲುಗಳು ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಕಾಣಿಸಿಕೊಂಡುವು. ಅಲ್ಲಿ, ನಾಗರಹೊಳೆ ಬಂಡೀಪುರಗಳ ಕಾಡಂಚಿನಲ್ಲಿ, ಬೇಸಾಯಗಾರರು ಈ ಬೆಳೆಗೆ ಮನಸೋಲಲು ಪೇಟೆಯ ಬೆಲೆಯಷ್ಟೇ ಕಾರಣವಾಗಲಿಲ್ಲ. ಎಲೆಯ ಕಟುವಾದ ಗಂಧಕ್ಕೆ ಕೀಟಗಳು ಹಿಂಜರಿಯುತ್ತವೆ, ಮತ್ತು ರಾಗಿ ಜೋಳಗಳಿಗೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕುಳಿತವರು ಹೇಳುವಂತೆ, ಹಂದಿಯೂ ಜಿಂಕೆಯೂ ಇದಕ್ಕೆ ಬಾಯಿಹಾಕುವುದು ಕಡಮೆ.