ಹೊಳೆ ಬಂದಾಗ ಪಾಲು ಯಾರಿಗೆ?

ನಮ್ಮ ಕಡೆ 'ಪಾಲು' ಎಂಬ ಮಾತಿಗೆ ಒಂದೇ ಅರ್ಥ. ಹೊಲ ಗೌಡರದು, ಬೆವರು ನಮ್ಮದು, ರಾಶಿ ಆದಮೇಲೆ ಯಾರಿಗೆ ಎಷ್ಟು ಚೀಲ ಅನ್ನೋದು. ದೇವದುರ್ಗ, ಮಾನ್ವಿ ಕಡೆಯ ನಮ್ಮ ಹಿರಿಯರಿಗೆ ಈ ಲೆಕ್ಕ ಬರೆಯಲು ಬರದಿದ್ದರೂ ಬಾಯಿಪಾಠ. ಅದೇ ಮಾತು ಈಗ ಹೊಸ ಅಂಗಿ ತೊಟ್ಟು ಬಂದಿದೆ: 'ಪಾಲುದಾರಿಕೆ'. ನೆರೆ ಬಂತೆಂದರೆ ಸರಕಾರ, ಕಂಪನಿ, ಮಠ, ಸ್ವಯಂಸೇವಾ ಸಂಸ್ಥೆ ಎಲ್ಲರೂ ಪಾಲುದಾರರು. ಹಾಗಾದರೆ ಮುಳುಗಿದವನ ಪಾಲೆಷ್ಟು? ಈ ಒಂದು ಪ್ರಶ್ನೆ ಹಿಡಿದುಕೊಂಡು ನಮ್ಮ ಜಿಲ್ಲೆಯ ಚರಿತ್ರೆಯನ್ನು ತಿರುವಿ ಹಾಕೋಣ.

ಶಾಲೆಯ ಪುಸ್ತಕದಲ್ಲಿ ರಾಯಚೂರು ದೋಆಬ್ ಅಂದರೆ ಯುದ್ಧ. ಕೃಷ್ಣಾ ತುಂಗಭದ್ರೆಗಳ ನಡುವಿನ ಎರೆನೆಲಕ್ಕಾಗಿ ರಾಜರು ಕಚ್ಚಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಇಸವಿ ಕೇಳಿದರೆ ಹುಡುಗರು ಥಟ್ಟನೆ ಹೇಳುತ್ತಾರೆ. ಆದರೆ ಆ ನೆಲದಲ್ಲಿ ಊರು ಯಾವ ದಿಬ್ಬದ ಮೇಲಿತ್ತು, ಕೇರಿ ಯಾವ ತಗ್ಗಿನಲ್ಲಿತ್ತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬರೆದಿಟ್ಟದ್ದು ಹೊಳೆ ಮಾತ್ರ. ನೀರು ಏರಿದಾಗಲೆಲ್ಲ ಹೊಳೆ ಆ ಚರಿತ್ರೆಯನ್ನು ಮತ್ತೆ ಓದಿ ಹೇಳುತ್ತದೆ.

ಮೊದಲು ಬರದ ಮಾತು. ನೆರೆಯನ್ನು ನೋಡುವ ಕಣ್ಣು ನಮಗೆ ಬಂದದ್ದು ಬರದಿಂದಲೇ. 1871ರಲ್ಲಿ ಮುಂಬಯಿ ಕಡೆಯ ರೈಲು, ಮದರಾಸ್ ಕಡೆಯ ರೈಲು ಎರಡೂ ರಾಯಚೂರಿನಲ್ಲಿ ಬಂದು ಕೂಡಿದವು. ಐದೇ ವರ್ಷಕ್ಕೆ, 1876ರಿಂದ 78ರವರೆಗೆ, ದಕ್ಷಿಣವನ್ನೆಲ್ಲ ನುಂಗಿದ ಬರ ಬಿತ್ತು. ನಿಜಾಮರ ಸೀಮೆಯಲ್ಲಿದ್ದ ರಾಯಚೂರು, ಲಿಂಗಸುಗೂರು ಭಾಗಗಳೂ ಬೆಂದವು. ಹಳಿ ಇತ್ತು, ಗಾಡಿ ಇತ್ತು. ಆದರೆ ಕಾಳು ಹೋಗುವುದು ದುಡ್ಡು ಇದ್ದ ಕಡೆಗೆ, ಹಸಿವು ಇದ್ದ ಕಡೆಗಲ್ಲ. ಲಂಡನ್ನಿನಲ್ಲಿ ದಾನಿಗಳು ನಿಧಿ ಕೂಡಿಸಿದರು. ಇತ್ತ ಮದರಾಸ್ ಸೀಮೆಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ, ಕಲ್ಲು ಒಡೆಯುವ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡ್ ಕಾಳು ಸಾಕೆಂದು ಲೆಕ್ಕ ಹಾಕಿದ. ಅತ್ತ ದಾನ, ಇತ್ತ ತಕ್ಕಡಿ. ಉಣ್ಣುವವನನ್ನು ಯಾರೂ ಕೇಳಲಿಲ್ಲ. ಪಾಲುದಾರಿಕೆಯ ಮೊದಲ ಪಾಠ ಅದು.

ಸ್ವಾತಂತ್ರ್ಯ ಬಂತು, ಅಣೆಕಟ್ಟು ಬಂದವು. 1953ರಲ್ಲಿ ತುಂಗಭದ್ರೆಗೆ, 1982ರ ಹೊತ್ತಿಗೆ ನಾರಾಯಣಪುರದಲ್ಲಿ ಕೃಷ್ಣೆಗೆ. ಎಡದಂಡೆ ಕಾಲುವೆ ಮಾನ್ವಿಯನ್ನು ಹಸಿರು ಮಾಡಿತು. ಮುಂದೆ ನಾರಾಯಣಪುರ ಬಲದಂಡೆಯ ನೀರು ದೇವದುರ್ಗಕ್ಕೂ ಬಂತು. ಇದು ಸುಳ್ಳಲ್ಲ, ಸಣ್ಣದೂ ಅಲ್ಲ. ಆದರೆ ಕಾಲುವೆ ನೀರು ಹರಿದದ್ದು ಹೊಲ ಇದ್ದವನ ಹೊಲಕ್ಕೆ. ಗೇಟು ತೆರೆದು ಬಿಟ್ಟ ನೀರು ನುಗ್ಗಿದ್ದು ಹೊಲ ಇಲ್ಲದವನ ಮನೆಗೆ. ಒಂದೇ ಹೊಳೆ, ಎರಡು ಪಾಲು!

ಈಗ 2009. ಆ ವರ್ಷ ದೇಶಕ್ಕೆಲ್ಲ ಮುಂಗಾರು ಕೈಕೊಟ್ಟಿತ್ತು. ಮೋಡ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡ ಮಂದಿಯ ಮೇಲೆ, ಸೆಪ್ಟೆಂಬರ್ ಕೊನೆಗೆ, ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಮುರಿದು ಬಿತ್ತು. ಸಮುದ್ರ ನೋಡದ ನಮ್ಮ ಜಿಲ್ಲೆಗೆ ಸಮುದ್ರದ ಗಾಳಿಯ ಏಟು! ಹಗಲು ರಾತ್ರಿ ಬಿಡದ ಮಳೆ. ನಮ್ಮ ಮನೆಗಳು ಮಣ್ಣಿನ ಮಾಳಿಗೆಯವು. ಬಿಸಿಲಿಗೆ ತಂಪು, ಒಂದೆರಡು ದಿನದ ಮಳೆಗೆ ಗಟ್ಟಿ. ನಾಲ್ಕು ದಿನ ಸುರಿದರೆ ಮೇಲುಮುದ್ದೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ತೊಲೆ ಬಾಗುತ್ತದೆ, ಗೋಡೆ ಕೂಡುತ್ತದೆ. ಹೊಳೆ ಮುಟ್ಟದ ಊರಲ್ಲೂ ಮನೆ ಬಿದ್ದದ್ದು ಹೀಗೆ. ಅಕ್ಟೋಬರ್ 2ಕ್ಕೆ ತುಂಗಭದ್ರೆ ಆಚೆ ದಂಡೆಯ ಮಂತ್ರಾಲಯವನ್ನು ಹೊಕ್ಕಿತು, ಕರ್ನೂಲು ಮುಳುಗಿತು. ಮಠಕ್ಕೆ ನೀರು ಬಂದ ಸುದ್ದಿ ನಾಡೆಲ್ಲ ಓಡಾಡಿತು. ಈಚೆ ದಂಡೆಯ ಕೇರಿಗಳ ಸುದ್ದಿಗೆ ಕಾಲು ಇರಲಿಲ್ಲ. ಉತ್ತರ ಕರ್ನಾಟಕದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು.

ಆಗ ಮಂದಿ ಮಂದಿಗೆ ಆದದ್ದೂ ನಿಜ. ರೊಟ್ಟಿ ಕಟ್ಟಿಕೊಂಡು ಬಂದವರು, ಹಳೆ ಬಟ್ಟೆ ಹೊತ್ತು ತಂದ ಕಾಲೇಜು ಹುಡುಗರು, ಶಾಲೆಯ ಬೀಗ ತೆಗೆದು ಗಂಜಿ ಕೇಂದ್ರ ಮಾಡಿದ ಮೇಷ್ಟ್ರುಗಳು. ಅವರನ್ನು ಮರೆತರೆ ನಾಲಿಗೆಗೆ ಹುಳ ಬೀಳುತ್ತದೆ. ಪ್ರಶ್ನೆ ಅವರ ಮೇಲಲ್ಲ. ಗಂಜಿ ಒಂದು ವಾರ. ಮನೆ ನಲವತ್ತು ವರ್ಷ. ಆ ಮನೆಯ ಲೆಕ್ಕ ಶುರುವಾಗುವುದು ಪಂಚನಾಮೆಯಿಂದ.

ಪಂಚನಾಮೆಯ ಕಾಗದ ನೋಡಿದ್ದೀರಾ? ಬೆಳೆ ನಷ್ಟದ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಪಾಲಿಗೆ ಮಾಡಿದವನ ಬೀಜ, ಗೊಬ್ಬರ, ಸಾಲ ಹೊಳೆ ಪಾಲು. ಪರಿಹಾರ ಗೌಡರ ಪಾಲು. ಹತ್ತಿ ಬಿಡಿಸುವ ಕೂಲಿ ಹೋದವಳಿಗೆ ಆ ಕಾಗದದಲ್ಲಿ ಒಂದು ಮನೆಯೇ ಇಲ್ಲ. ಒಂದು ಮಾಳಿಗೆಯ ಕೆಳಗೆ ಮೂರು ಒಲೆ ಉರಿಯುತ್ತಿದ್ದರೂ ಮನೆ ನಂಬರು ಒಂದೇ, ಪರಿಹಾರವೂ ಒಂದೇ. ಹಕ್ಕುಪತ್ರ ಇಲ್ಲದ ಗುಡಿಸಲಿಗೆ ಅದೂ ಇಲ್ಲ. 'ಎಲ್ಲಿಗೋಗಬೇಕ್ರೀ ನಾವು?' ಅಂದರೆ, 'ರೂಲ್ಸ್ ಹಂಗೈತಿ' ಅನ್ನೋ ಉತ್ತರ. ಹೊಳೆಗೆ ಜಾತಿ ಇಲ್ಲ ಅಂತಾರೆ. ಇರಲಿ. ತಗ್ಗಿಗೆ ಜಾತಿ ಇದೆ, ಪಹಣಿಗೆ ಜಾತಿ ಇದೆ.

ಯಡಿಯೂರಪ್ಪನವರ ಸರಕಾರ ಆಗ 'ಆಸರೆ' ಎಂಬ ಯೋಜನೆ ತಂದಿತು. ಜಾಗ, ರಸ್ತೆ, ನೀರು, ಕರೆಂಟು ಸರಕಾರದ್ದು. ಮನೆ ಕಟ್ಟಲು ಕಂಪನಿಗಳು, ಮಠಗಳು, ಸಂಸ್ಥೆಗಳು ಕೈಜೋಡಿಸಬೇಕು. ಒಡಂಬಡಿಕೆಗೆ ಸಹಿ ಬಿದ್ದವು. ಮುಳುಗುವ ಊರುಗಳನ್ನೇ ಎತ್ತಿ ಎತ್ತರದಲ್ಲಿ ಇಡುವ ಯೋಚನೆ ದೊಡ್ಡದೇ. ಸಾವಿರಾರು ಮನೆ ಎದ್ದವು; ಅವುಗಳಲ್ಲಿ ಇವತ್ತೂ ಬಾಳುವೆ ಮಾಡುವವರಿದ್ದಾರೆ. ಆದರೆ ಉತ್ತರ ಕರ್ನಾಟಕದ ಎಷ್ಟೋ ಕಡೆ, ನಮ್ಮ ಜಿಲ್ಲೆಯಲ್ಲೂ, ಆ ಮನೆಗಳು ವರ್ಷಗಟ್ಟಲೆ ಖಾಲಿ ನಿಂತವು. ಜಾಲಿ ಬೆಳೆದು ಬಾಗಿಲು ಮುಚ್ಚಿತು. ಯಾಕೆ? ನೀರಿನ ಪೈಪು ಬರಲಿಲ್ಲ. ಕೂಲಿ ಸಿಗುವ ಹೊಲ ದೂರವಾಯಿತು. ಎಮ್ಮೆ ಕಟ್ಟಲು, ಮೇವಿನ ಬಣವಿ ಒಟ್ಟಲು ಜಾಗ ಇಲ್ಲ. ಒಡಂಬಡಿಕೆಯಲ್ಲಿ ಎರಡು ಸಹಿ ಇದ್ದವು, ಮೂರನೆಯದು ಇರಲಿಲ್ಲ. ಮನೆಯಲ್ಲಿ ಇರುವವಳನ್ನು 'ಅವ್ವಾ, ಒಲೆ ಎಲ್ಲಿ ಇಡಲಿ?' ಅಂತ ಕೇಳಿ ಬರೆಸಿಕೊಳ್ಳುವ ಒಂದು ಸಾಲು ಇರಲಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ದಂಡೆಯಲ್ಲಿ ದಲಿತರನ್ನು ಪರಿಹಾರ ಶಿಬಿರಗಳಲ್ಲಿ ಬೇರೆ ಇಟ್ಟದ್ದನ್ನು ಸಂಘಟನೆಗಳು ದಾಖಲಿಸಿದವು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಕತ್ರೀನಾ ಚಂಡಮಾರುತ ಹೊಡೆಯಿತು. ಊರು ಬಿಡಿ ಎಂದು ಮೊದಲೇ ಸಾರಿದ್ದರು. ಕಾರು ಇದ್ದವರು ಬಿಟ್ಟರು. ಇಲ್ಲದವರು, ಹೆಚ್ಚಾಗಿ ಬಡ ಕಪ್ಪುಜನ, ಅಲ್ಲೇ ಉಳಿದರು. ಜಗತ್ತಿನ ಸಿರಿವಂತ ದೇಶದಲ್ಲೂ ತಗ್ಗಿನ ವಿಳಾಸ ಅದೇ.

ಹಾಗಂತ ಎಲ್ಲ ಕಡೆ ಹೀಗೇ ಆಗಬೇಕಿಲ್ಲ. 1999ರಲ್ಲಿ ಒಡಿಶಾದ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಸತ್ತವರು ನೂರರ ಒಳಗೆ. ಗಾಳಿ ಮೆತ್ತಗಾಗಿರಲಿಲ್ಲ, ಜನ ತಯಾರಾಗಿದ್ದರು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಸರಕಾರವೂ ರೆಡ್‌ಕ್ರಾಸಿನಂಥ ಸಂಸ್ಥೆಗಳೂ ದಂಡೆಯುದ್ದ ಆಶ್ರಯ ಕಟ್ಟಡ ಕಟ್ಟಿದವು. ಊರಿನ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟವು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ನಡೆಯಲಾರದ ಮುದುಕ ಇದ್ದಾನೆ ಎಂಬುದು ಊರಿನವರಿಗೆ ಗೊತ್ತು, ರಾಜಧಾನಿಗೆ ಗೊತ್ತಿಲ್ಲ. ಪಾಲುದಾರಿಕೆ ಅಂದರೆ ಇದು.

ನಮ್ಮಲ್ಲಿ ಇಂಥದ್ದಕ್ಕೆ ಬೀಜ ಇಲ್ಲವೇ? ಇದೆ. 1999ರ ಹೊತ್ತಿಗೆ ಮಾನ್ವಿ ಸೀಮೆಯ ಪೋತ್ನಾಳದಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿದರು. ಬೇವಿನ ಗೊಬ್ಬರ ಮಾಡಿದರು, ಸುಟ್ಟ ಮಣ್ಣಿನ ಸರ ಮಾಡಿ ಮಾರಿದರು. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ರಾಯಚೂರಿಗೆ ಬಂದಾಗ, ಅರ್ಜಿ ಕೊಟ್ಟು ರಸೀದಿ ಕೇಳುವುದನ್ನು ಕೂಲಿಕಾರರು ಕಲಿತರು. ರಸೀದಿ ಕೇಳಲು ಕಲಿತ ಕೈ ಪಂಚನಾಮೆಯ ನಕಲನ್ನೂ ಕೇಳುತ್ತದೆ. ನೆರೆಗೆ ತಯಾರಿ ಅಂದರೆ ಬರೀ ಹಗ್ಗ, ಟಾರ್ಚು, ದೋಣಿ ಅಲ್ಲ; ನೆರೆ ಬರುವ ಮೊದಲೇ ಕಟ್ಟಿದ ಸಂಘ.

ಕಾನೂನೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಂ ತೆಗೆದು ಓದಿ: ಪರಿಹಾರ ಕೊಡುವಾಗ ಲಿಂಗ, ಜಾತಿ, ಪಂಗಡ, ಹುಟ್ಟು, ಧರ್ಮದ ಮೇಲೆ ಭೇದ ಮಾಡಕೂಡದು. ನಮ್ಮ ಅಪ್ಪ ಅವ್ವಂದಿರು ಹೆಬ್ಬೆಟ್ಟು ಒತ್ತಿದವರು. ಕಾಗದ ಏನು ಹೇಳುತ್ತದೋ ಕೇಳುವ ಧೈರ್ಯ ಅವರಿಗಿರಲಿಲ್ಲ. ಡಿಗ್ರಿ ಮುಗಿಸಿದ ನಮಗೆ ಆ ನೆವ ಇಲ್ಲ.

ಹೊಳೆ ಮರೆಯುವುದಿಲ್ಲ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಊರಲ್ಲಷ್ಟೇ ಅಲ್ಲ, ರಾಯಚೂರು ಪಟ್ಟಣದಲ್ಲೂ ಇದೇ ಪಾಡು: ಸಿಯಾತಲಾಬ್ ಎಂಬ ಹೆಸರಿನಲ್ಲೇ ಕೆರೆ ಇದೆ, ಜೋರು ಮಳೆ ಬಂದರೆ ನೀರು ತನ್ನ ಹಳೆಮನೆ ಹುಡುಕಿಕೊಂಡು ಬಡವರ ಮನೆಗೆ ಬರುತ್ತದೆ.

ಗೆಳೆಯರೆ, ಮೇಷ್ಟ್ರೆ, ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡೋಣ. ಎರಡು ನೂರು ಪುಟದ ಒಂದು ನೋಟ್‌ಬುಕ್ ಸಾಕು. 2009ರಲ್ಲಿ ನೀರು ಯಾವ ಗೋಡೆಯ ಎಲ್ಲಿಯವರೆಗೆ ಬಂತು, ಹಿರಿಯರನ್ನು ಕೇಳಿ ಗುರುತು ಹಾಕೋಣ. ಒಂದೊಂದು ಮಾಳಿಗೆಯ ಕೆಳಗೆ ಎಷ್ಟು ಒಲೆ, ಪಹಣಿ ಯಾರದು, ಪಾಲಿಗೆ ಮಾಡುವವರು ಯಾರು, ಹಕ್ಕುಪತ್ರ ಯಾರಿಗಿಲ್ಲ, ನಡೆಯಲಾರದವರು ಎಷ್ಟು ಜನ: ಎಲ್ಲ ಬರೆದು ಗ್ರಾಮಸಭೆಯಲ್ಲಿ ಓದಿ ಠರಾವು ಮಾಡಿಸೋಣ. ನಾಳೆ ಸರಕಾರ ಬರಲಿ, ಸಂಸ್ಥೆ ಬರಲಿ, ಕಂಪನಿ ಬರಲಿ, ಬೇಡ ಅನ್ನುವುದಿಲ್ಲ. ಬಂದವರ ಮುಂದೆ ಮೊದಲು ಈ ನೋಟ್‌ಬುಕ್ ಇಡೋಣ. ಆಮೇಲೆ ಪಾಲಿನ ಮಾತು.